ಯಂತ್ರ ಬದಲಾದಾಗ ಲೆಕ್ಕವನ್ನು ತಾಳೆ ನೋಡಬೇಕು

ಬೇರೆಯವರು ಬರೆದ ಗಣಿತದ ತಂತ್ರಾಂಶವನ್ನು ಹೊಸ ಬಗೆಯ ಗಣಕಯಂತ್ರದಲ್ಲಿ ಕಂಪೈಲ್ ಮಾಡಿ, ಅದು ಓಡಿತೆಂದರೆ ಕೆಲಸ ಮುಗಿಯಿತೆಂದು ಅನೇಕರು ಭಾವಿಸುತ್ತಾರೆ. ನಿಜವಾದ ಕೆಲಸ ಅಲ್ಲಿಂದಲೇ ಆರಂಭವೆಂಬುದು ನನ್ನ ಅಭಿಪ್ರಾಯ.

ಬೆಂಗಳೂರಿನದೇ ಒಂದು ಉದಾಹರಣೆಯನ್ನು ನೋಡೋಣ. ಎನ್.ಎ.ಎಲ್. ಸಂಸ್ಥೆಯು 1986ರಲ್ಲಿ ಫ್ಲೋಸಾಲ್ವರ್ ಎಂಬ ಸಮಾಂತರ ಗಣಕಯಂತ್ರದ ಯೋಜನೆಯನ್ನು ಕೈಗೊಂಡಿತು. ದೆಹಲಿಯ ಕ್ರೇ ಯಂತ್ರದಲ್ಲಿ ನಡೆಯುತ್ತಿದ್ದ ಟಿ-80 ಎಂಬ ಹವಾಮಾನ ಮಾದರಿಯ ಫೋರ್ಟ್ರಾನ್ ಪ್ರೋಗ್ರಾಮನ್ನು 1990ರ ದಶಕದಲ್ಲಿ ಇದಕ್ಕೆ ತರಲಾಯಿತು. ಆ ಕಾಲದ ಕ್ರೇ ಯಂತ್ರವು ದಶಮಾಂಶವುಳ್ಳ ಸಂಖ್ಯೆಗಳನ್ನು ತನ್ನದೇ ರೀತಿಯಲ್ಲಿ ಇರಿಸಿಕೊಳ್ಳುತ್ತಿತ್ತು; 1985ರ ಐಇಇಇ 754 ಮಾನದಂಡದ ರೀತಿಯೇ ಬೇರೆ. ಇದಲ್ಲದೆ, ಲೆಕ್ಕವನ್ನು ಹಲವು ಪ್ರೊಸೆಸರುಗಳಿಗೆ ಹಂಚಿದಾಗ ಕೂಡುವ ಕ್ರಮ ಬದಲಾಗಿ ಕೊನೆಯ ಅಂಕಿಗಳೂ ಬದಲಾಗಬಹುದು. ಹವಾಮಾನದ ಲೆಕ್ಕದಲ್ಲಿ ಆ ಅಲ್ಪ ವ್ಯತ್ಯಾಸವು ದಿನದಿಂದ ದಿನಕ್ಕೆ ಬೆಳೆಯುತ್ತದೆ.

ಆದ್ದರಿಂದ ಎರಡು ಯಂತ್ರಗಳ ಉತ್ತರಗಳು ಎಷ್ಟನೆಯ ಅಂಕಿಯವರೆಗೆ ಹೊಂದಬೇಕೆಂದು ಮೊದಲೇ ನಿಶ್ಚಯಿಸಬೇಕು. ಅದಕ್ಕೂ ಮೀರಿ ಅಂತರ ಕಂಡರೆ ತಪ್ಪನ್ನು ಹುಡುಕಲು ಪ್ರೋಗ್ರಾಮಿನ ಮೂಲ ಬರಹ ಕೈಯಲ್ಲಿರಬೇಕು. 1992ರಲ್ಲಿ ಹೊರಬಂದ ಲಾಪ್ಯಾಕ್ ಎಂಬ ಗಣಿತ ಲೈಬ್ರರಿಯು ಮೂಲ ಬರಹದೊಡನೆ ಪರೀಕ್ಷಾ ಪ್ರೋಗ್ರಾಮುಗಳನ್ನೂ ನೀಡುತ್ತದೆ. ಅವನ್ನು ನಡೆಸದೆ ಲೈಬ್ರರಿಯನ್ನು ಬಳಸುವುದು, ತಾಳೆ ನೋಡದೆ ಉತ್ತರಪತ್ರಿಕೆ ಒಪ್ಪಿಸಿದಂತೆ. ಲೆಕ್ಕದ ತರಗತಿಯಲ್ಲಿ ನಾವು ಕಲಿಸಿದ ಈ ಪಾಠವನ್ನು ಎಂಜಿನಿಯರಿಂಗ್ ಕಾಲೇಜುಗಳೂ ಕಡ್ಡಾಯವಾಗಿ ಕಲಿಸಬೇಕು.

ನಮ್ಮ ಕೃಷ್ಣರಾಜನಗರದ ರೈತರು ಭತ್ತದ ಕೊಯ್ಲಿಗೆ ಮುನ್ನ ಮಳೆಯ ಮುನ್ಸೂಚನೆಯನ್ನು ಕೇಳುತ್ತಾರೆ. ಲೆಕ್ಕ ಯಾವ ಯಂತ್ರದಲ್ಲಿ ನಡೆಯಿತೆಂಬುದು ಅವರಿಗೆ ಬೇಕಿಲ್ಲ. ತಾಳೆ ನೋಡದೆ ಬಿಟ್ಟ ತಪ್ಪಿನ ಬೆಲೆಯನ್ನು ತೆರುವವರು ಮಾತ್ರ ಅವರೇ.