ಎಳೆ ಹರಿದರೆ ನಿಲ್ಲುವ ಮಗ್ಗ

ವಿದೇಶದಲ್ಲಿ ಓದುತ್ತಿರುವ ಮಗ ಕಳುಹಿಸಿದ ಖರ್ಚಿನ ಪಟ್ಟಿಯಲ್ಲಿ ‘ಅಧ್ಯಯನ ಪ್ರವಾಸ’ ಎಂಬುದನ್ನು ಕಂಡರೆ ಊರಿನಲ್ಲಿರುವ ತಂದೆ ಹುಬ್ಬು ಗಂಟಿಕ್ಕುವುದು ಸಹಜ. ಬ್ಯಾಂಕಿನಲ್ಲಿ ಸಾಲ ಮಾಡಿ ಕಳುಹಿಸಿದ್ದು ಓದಲಿಕ್ಕೋ, ಊರು ಸುತ್ತಲಿಕ್ಕೋ? ಪ್ರಶ್ನೆ ನ್ಯಾಯವಾದದ್ದೇ. ಹೋದವನು ಏನನ್ನು ನೋಡಿ ಬಂದ ಎಂಬುದರ ಮೇಲೆ ಅದರ ಉತ್ತರ ನಿಂತಿದೆ.

ಜಪಾನಿನ ನಗೋಯಾ ನಗರವನ್ನೇ ತೆಗೆದುಕೊಳ್ಳಿ. ಅಲ್ಲಿ ಓದುವ ಹೊರದೇಶದ ವಿದ್ಯಾರ್ಥಿಗಳು ಮೊದಲು ನೋಡುವುದು ಕೋಟೆಯನ್ನು. 1945ರ ಬಾಂಬ್ ದಾಳಿಯಲ್ಲಿ ಸುಟ್ಟುಹೋದ ಅದರ ಮುಖ್ಯ ಗೋಪುರವನ್ನು 1959ರಲ್ಲಿ ಕಾಂಕ್ರೀಟಿನಲ್ಲಿ ಮತ್ತೆ ಕಟ್ಟಿದರು. ಚಾವಣಿಯ ಮೇಲಿನ ಚಿನ್ನದ ಮೀನುಗಳ ಮುಂದೆ ಎಲ್ಲರೂ ಫೋಟೋ ತೆಗೆಸಿಕೊಳ್ಳುತ್ತಾರೆ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಅದೇ ನಗರದ ಹಳೆಯ ಕೆಂಪು ಇಟ್ಟಿಗೆಯ ಗಿರಣಿಯೊಂದರಲ್ಲಿ 1994ರಲ್ಲಿ ತೆರೆದ ಟೊಯೊಟಾ ಸ್ಮಾರಕ ವಸ್ತುಸಂಗ್ರಹಾಲಯವಿದೆ. ಕಾರು ನೋಡಲು ಬಂದವರಿಗೆ ಅಲ್ಲಿ ಮೊದಲು ಎದುರಾಗುವುದು ಮಗ್ಗಗಳು!

ಬಡಗಿಯ ಮಗನಾಗಿ ಹುಟ್ಟಿದ ಸಕಿಚಿ ಟೊಯೊಡಾ 1924ರಲ್ಲಿ ಸ್ವಯಂಚಾಲಿತ ಮಗ್ಗವೊಂದನ್ನು ಪೂರ್ಣಗೊಳಿಸಿದರು. ಅದರಲ್ಲಿ ಹಾಸಿನ ಪ್ರತಿ ಎಳೆಯೂ ಒಂದೊಂದು ತೆಳು ಲೋಹದ ಪಟ್ಟಿಯನ್ನು ಹೊತ್ತಿರುತ್ತದೆ. ಎಳೆ ಹರಿದರೆ ಪಟ್ಟಿ ಕೆಳಗೆ ಬೀಳುತ್ತದೆ. ಬಿದ್ದೊಡನೆ ಮಗ್ಗ ನಿಲ್ಲುತ್ತದೆ. ವಿದ್ಯುನ್ಮಾನ ಉಪಕರಣ ಯಾವುದೂ ಇಲ್ಲ. ಕೆಲಸ ಮಾಡುವುದು ಎಂಟನೆಯ ತರಗತಿಯ ಮಕ್ಕಳಿಗೂ ತಿಳಿದಿರುವ ಗುರುತ್ವಾಕರ್ಷಣೆ. ಕೆಟ್ಟ ಬಟ್ಟೆ ನೇಯುತ್ತಾ ಹೋಗುವುದಕ್ಕಿಂತ ನಿಲ್ಲುವುದು ಲೇಸು ಎಂಬುದು ಅದರ ತತ್ತ್ವ. ಕಾವಲು ಕಾಯುವ ಕೆಲಸ ತಪ್ಪಿದ್ದರಿಂದ ಒಬ್ಬನೇ ಮೂವತ್ತು ಮಗ್ಗಗಳನ್ನು ನೋಡಿಕೊಳ್ಳುವಂತಾಯಿತು.

ಇನ್ನು ಕಾರು ಕಾರ್ಖಾನೆಗೆ ಹೋದರೆ ಅಲ್ಲಿಯೂ ಅದೇ ತತ್ತ್ವ. ತಪ್ಪು ಕಂಡ ಕಾರ್ಮಿಕ ತಲೆಯ ಮೇಲಿನ ಹಗ್ಗವನ್ನು ಎಳೆಯುತ್ತಾನೆ ಅಥವಾ ಗುಂಡಿ ಒತ್ತುತ್ತಾನೆ. ದೀಪ ಹೊತ್ತುತ್ತದೆ, ಮೇಲ್ವಿಚಾರಕ ಧಾವಿಸಿ ಬರುತ್ತಾನೆ. ಸಕಾಲದಲ್ಲಿ ಸರಿಹೋಗದಿದ್ದರೆ ಇಡೀ ಸಾಲೇ ನಿಲ್ಲುತ್ತದೆ. ಯಂತ್ರಗಳ ಓಟವನ್ನು ಎಲ್ಲರೂ ಬೆರಗಾಗಿ ನೋಡುತ್ತಾರೆ. ಅದು ಎಲ್ಲಿ, ಏಕೆ ನಿಲ್ಲುತ್ತದೆ ಎಂದು ನೋಡಿದವನಿಗೆ ಕಾರ್ಖಾನೆ ಅರ್ಥವಾಗುತ್ತದೆ.

ಈ ಕಂಪನಿ ಬೆಳೆದದ್ದೂ ಇಂತಹ ಪ್ರವಾಸಗಳಿಂದಲೇ ಎಂಬುದು ಗಮನಿಸಬೇಕಾದ ಸಂಗತಿ. ಸಕಿಚಿಯ ಮಗ ಕೀಚಿರೊ 1922ರಲ್ಲಿ ಇಂಗ್ಲೆಂಡಿನ ಪ್ಲಾಟ್ ಬ್ರದರ್ಸ್ ಮಗ್ಗ ತಯಾರಿಕಾ ಕಾರ್ಖಾನೆಯಲ್ಲಿದ್ದು ಕೆಲಸ ನೋಡಿ ಬಂದರು. 1929ರಲ್ಲಿ ಅದೇ ಕಂಪನಿ ಸಕಿಚಿಯ ಮಗ್ಗದ ಹಕ್ಕುಗಳನ್ನು ಹಣ ಕೊಟ್ಟು ಪಡೆಯಿತು! 1950ರಲ್ಲಿ, ಟೊಯೊಟಾ ದಿವಾಳಿಯ ಅಂಚಿನಲ್ಲಿದ್ದ ವರ್ಷ, ಎಜಿ ಟೊಯೊಡಾ ಅಮೆರಿಕದ ಫೋರ್ಡ್ ಕಾರ್ಖಾನೆಗೆ ಹೋದರು. ಅಷ್ಟು ದೊಡ್ಡ ಯಂತ್ರಗಳನ್ನು ಕೊಳ್ಳುವ ಶಕ್ತಿ ಅವರಿಗಿರಲಿಲ್ಲ. ಕಾರ್ಮಿಕರಿಂದಲೇ ಸುಧಾರಣೆಯ ಸಲಹೆ ಪಡೆಯುವ ಪದ್ಧತಿ ಅವರ ಕಣ್ಣಿಗೆ ಬಿತ್ತು. 1951ರಲ್ಲಿ ಅದು ಟೊಯೊಟಾದಲ್ಲಿ ಜಾರಿಗೆ ಬಂತು. ತೈಚಿ ಓನೊ ಎಂಬ ಎಂಜಿನಿಯರ್ 1956ರಲ್ಲಿ ಅಮೆರಿಕಕ್ಕೆ ಹೋದಾಗ ಸೂಪರ್ ಮಾರ್ಕೆಟ್‌ಗಳನ್ನು ನೋಡಿದರು. ಗಿರಾಕಿ ಒಯ್ದಷ್ಟನ್ನೇ ಮತ್ತೆ ಕಪಾಟಿಗೆ ತುಂಬುವ ಕ್ರಮದ ಬಗ್ಗೆ ಅವರು ಮೊದಲೇ ಕೇಳಿದ್ದರು, ತಮ್ಮಲ್ಲಿ ಪ್ರಯೋಗವನ್ನೂ ನಡೆಸಿದ್ದರು. ಅದೇ ಅಂಗಡಿಗೆ ಸಾವಿರಾರು ಜನ ಹೋಗಿಬರುತ್ತಿದ್ದರು. ಪ್ರಶ್ನೆ ಹೊತ್ತು ಹೋದವರಿಗೆ ಅದು ಪಾಠಶಾಲೆಯಾಯಿತು.

ವಿದ್ಯಾರ್ಥಿಗಳು ಇದರಿಂದ ಕಲಿಯಬಹುದಾದ್ದು ಮೂರು. ಹೋಗುವ ಮುನ್ನ ಆ ಉದ್ಯಮದ ಬಗ್ಗೆ ಓದಿ ಮೂರು ಪ್ರಶ್ನೆಗಳನ್ನಾದರೂ ಬರೆದುಕೊಳ್ಳಿ. ಅರ್ಥವಾಗದಿದ್ದಾಗ ತಲೆಯಾಡಿಸಬೇಡಿ, ಆ ಮಗ್ಗದಂತೆ ಅಲ್ಲೇ ನಿಂತು ಕೇಳಿ. ಹೆಚ್ಚಿನ ಕಾರ್ಖಾನೆಗಳ ಒಳಗೆ ಫೋಟೋ ತೆಗೆಯಲು ಬಿಡುವುದಿಲ್ಲವಾದ್ದರಿಂದ ಕಂಡದ್ದನ್ನು ಅಂದು ರಾತ್ರಿಯೇ ಚಿತ್ರ ಸಮೇತ ಬರೆದಿಡಿ. ಮರುದಿನಕ್ಕೆ ಅರ್ಧ ಮರೆತಿರುತ್ತದೆ.

ವಿದೇಶಕ್ಕೆ ಹೋಗಲಾಗದವರು ನಿರಾಶರಾಗಬೇಕಿಲ್ಲ. ಟೊಯೊಟಾ ಕಾರುಗಳು ನಮ್ಮ ಬಿಡದಿಯಲ್ಲೇ 1999ರಿಂದ ತಯಾರಾಗುತ್ತಿವೆ. ದೊಡ್ಡಬಳ್ಳಾಪುರದ ವಿದ್ಯುತ್ ಮಗ್ಗದ ಮುಂದೆ ನಿಂತು ‘ಎಳೆ ಹರಿದರೆ ಇದು ಏನು ಮಾಡುತ್ತದೆ?’ ಎಂದು ಕೇಳುವ ಹುಡುಗಿ ಆಗಲೇ ಅಧ್ಯಯನ ಪ್ರವಾಸದಲ್ಲಿದ್ದಾಳೆ.

ಪೋಷಕರಿಗೆ ಒಂದು ಮಾತು. ಮಗ ಮುಂದಿನ ಸಲ ಪ್ರವಾಸದ ಖರ್ಚಿಗೆಂದು ಹಣ ಕೇಳಿದರೆ ಒಡನೆ ಬೇಡವೆನ್ನಬೇಡಿ. ಬಂದ ಮೇಲೆ ಫೋಟೋಗಳ ಜೊತೆಗೆ ಟಿಪ್ಪಣಿ ಪುಸ್ತಕವನ್ನೂ ಕೇಳಿ. ಅದರಲ್ಲಿ ಎರಡು ಪುಟ ತುಂಬಿದ್ದರೂ ಹಣ ವ್ಯರ್ಥವಾಗಿಲ್ಲ.