ಮನೆಯಲ್ಲಿ ಓದಿಕೊಳ್ಳಿ ಎಂದ ಪುಟ

ದ್ವಿತೀಯ ಪಿಯುಸಿ ಜೀವಶಾಸ್ತ್ರದಲ್ಲಿ ಸಂತಾನೋತ್ಪತ್ತಿ ಆರೋಗ್ಯದ ಪಾಠವಿದೆ. ಅದರಲ್ಲಿ ಲೈಂಗಿಕವಾಗಿ ಹರಡುವ ಸೋಂಕುಗಳ ಬಗ್ಗೆ ಸುಮಾರು ಒಂದು ಪುಟ. ನಮ್ಮ ತರಗತಿಯಲ್ಲಿ ಆ ಪುಟ ಬಂದಾಗ, "ಇದು ಸುಲಭ ಇದೆ, ಮನೆಯಲ್ಲಿ ಓದಿಕೊಳ್ಳಿ" ಎಂದರು. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕನೆ ನಕ್ಕರು, ಪುಟ ಮಗುಚಿತು. ಹುಡುಗರು ಹುಡುಗಿಯರು ಒಟ್ಟಿಗೆ ಕೂತಿರುವಾಗ ಹೇಳುವುದು ಕಷ್ಟ, ಒಪ್ಪುತ್ತೇನೆ. ಆದರೆ ಮನೆಯಲ್ಲಿ ಅದನ್ನು ಎಷ್ಟು ಜನ ಓದಿದೆವು? ಓದಿದವರು ಯಾರನ್ನು ಕೇಳಬೇಕಿತ್ತು?

ನನಗೆ ಸೋಜಿಗವೆನಿಸುವುದು ಬೇರೆಯೇ. ಮದ್ರಸದಲ್ಲಿ ಇನ್ನೂ ಚಿಕ್ಕವರಿದ್ದಾಗಲೇ ಫಿಕ್ಹ್ ಪಾಠದಲ್ಲಿ ಮುಟ್ಟು, ಗುಸ್ಲ್, ಅದು ಯಾವಾಗ ಕಡ್ಡಾಯ ಎಂಬುದನ್ನೆಲ್ಲ ಉಸ್ತಾದರು ನೇರವಾಗಿ ಹೇಳಿಕೊಟ್ಟಿದ್ದರು. ಯಾರೂ ನಗಲಿಲ್ಲ. ಮದೀನಾದ ಅನ್ಸಾರಿ ಮಹಿಳೆಯರು ಇಂಥ ಪ್ರಶ್ನೆ ಕೇಳಲು ಹಿಂಜರಿಯುತ್ತಿರಲಿಲ್ಲ, ಆಯಿಷಾ (ರ) ಅದನ್ನು ಮೆಚ್ಚಿದ್ದರು ಎಂದು ಕಲಿತದ್ದೂ ಅಲ್ಲೇ. ಹಯಾ ಅಂದರೆ ಬಾಯಿ ಮುಚ್ಚಿಕೊಳ್ಳುವುದು ಎಂದು ನಾವು ಯಾವಾಗ ತೀರ್ಮಾನಿಸಿದೆವೋ ಗೊತ್ತಿಲ್ಲ.

"ನಮ್ಮ ಮಕ್ಕಳು ಹಾಗಲ್ಲ, ಅವರಿಗೇಕೆ ಇದು?" ಎಂದು ಕೇಳುವವರಿದ್ದಾರೆ. ಅವರಿಗೆ ನಮ್ಮ ಸಂಬಂಧಿಕರೊಬ್ಬರ ವಿಷಯ ಹೇಳಬೇಕು. ಹೆಸರು, ಊರು ಬೇಡ. ಇಪ್ಪತ್ತರಲ್ಲಿ ಮದುವೆಯಾಯಿತು. ಕೆಲವು ತಿಂಗಳಲ್ಲಿ ಕಿಬ್ಬೊಟ್ಟೆ ನೋವು, ಸ್ವಲ್ಪ ಬಿಳಿಸೆರಗು. ಅತ್ತೆಗೆ ಹೇಳಿದರೆ "ಉಷ್ಣ ಆಗಿದೆ, ಎಳನೀರು ಕುಡಿ" ಎಂದರು. ಮೆಡಿಕಲ್ ಶಾಪಿನ ಮಾತ್ರೆ ನುಂಗಿದರು, ನೋವು ಹೋಯಿತು, ಮತ್ತೆ ಬಂತು. ನಾಲ್ಕು ವರ್ಷವಾದರೂ ಮಗುವಾಗಲಿಲ್ಲ ಎಂದು ತಪಾಸಣೆ ಮಾಡಿಸಿದಾಗ ಎರಡೂ ಗರ್ಭನಾಳ ಮುಚ್ಚಿಹೋಗಿದ್ದವು. ಹಳೆಯ ಸೋಂಕಿನ ಕೆಲಸ ಎಂದರು ಡಾಕ್ಟರ್. ಗಂಡನಿಂದ ಬಂದಿರಬಹುದಾದ ಸೋಂಕು. ಆಕೆ ಮಾಡಿದ ತಪ್ಪೇನು? ಆದರೂ ಮನೆಯಲ್ಲಿ 'ಬಂಜೆ' ಎಂಬ ಮಾತು ಬಿದ್ದದ್ದು ಆಕೆಯ ಮೇಲೆಯೇ.

ಹೆಚ್ಚಿನ ಸೋಂಕುಗಳು ಹೀಗೆಯೇ ಸದ್ದಿಲ್ಲದೆ ಬರುತ್ತವೆ. ಕ್ಲಮೈಡಿಯಾ ತಗುಲಿದ ಬಹುಪಾಲು ಹೆಣ್ಣುಮಕ್ಕಳಲ್ಲಿ ಯಾವ ಲಕ್ಷಣವೂ ಕಾಣುವುದಿಲ್ಲ. ಗೊನೋರಿಯಾ ಗಂಡಸರಲ್ಲಿ ಸಾಮಾನ್ಯವಾಗಿ ಕೆಲವೇ ದಿನಗಳಲ್ಲಿ ಉರಿಮೂತ್ರ ಮತ್ತು ಕೀವಾಗಿ ಕಾಣಿಸುತ್ತದೆ, ಹೆಂಗಸರಲ್ಲಿ ಎಷ್ಟೋ ಸಲ ಕಾಣುವುದೇ ಇಲ್ಲ. ಹರ್ಪಿಸ್ ಆದರೆ ನೋಯುವ ನೀರ್ಗುಳ್ಳೆಗಳು, ಹೋಗಿ ಹೋಗಿ ಮತ್ತೆ ಬರುತ್ತವೆ. ಟ್ರೈಕೊಮೊನಾಸ್‌ನಲ್ಲಿ ವಾಸನೆಯ ಹಳದಿ-ಹಸಿರು ಸ್ರಾವ. ಎಲ್ಲಕ್ಕಿಂತ ಮೋಸದ್ದು ಸಿಫಿಲಿಸ್. ಮೊದಲು ಒಂದು ಹುಣ್ಣು, ನೋವೇ ಇಲ್ಲ, ಕೆಲವು ವಾರಗಳಲ್ಲಿ ತಾನಾಗಿ ಮಾಯುತ್ತದೆ. ವಾಸಿಯಾಯಿತು ಎಂದುಕೊಂಡಾಗ ರೋಗ ಒಳಗೆ ಇಳಿದಿರುತ್ತದೆ. ಆಮೇಲೆ ಅಂಗೈ, ಅಂಗಾಲುಗಳಲ್ಲೂ ದದ್ದು ಏಳಬಹುದು, ಗರ್ಭಿಣಿಯಿಂದ ಮಗುವಿಗೂ ದಾಟಬಹುದು. ಹೊತ್ತಿಗೆ ಸರಿಯಾಗಿ ಪೆನ್ಸಿಲಿನ್ ಕೊಟ್ಟರೆ ಪೂರ್ತಿ ಗುಣವಾಗುವ ರೋಗ ಇದು. (ಕನ್ನಡದಲ್ಲಿ ಇದರ ಹಳೆಯ ಹೆಸರು ಪರಂಗಿ ಹುಣ್ಣು. ಪರಂಗಿಯವರ ತಲೆಗೆ ಕಟ್ಟಿ ನಾವು ನೆಮ್ಮದಿಯಾಗಿದ್ದೆವು!)

ಹಾಗೆಂದು ತುರಿಸಿದ್ದೆಲ್ಲ ಈ ರೋಗವಲ್ಲ. ಹಾಸ್ಟೆಲಿನಲ್ಲಿದ್ದ ನನ್ನ ಅಣ್ಣ ತೊಡೆಸಂದಿಯ ತುರಿಕೆಗೆ ಹೆದರಿ ವಾರಗಟ್ಟಲೆ ನಿದ್ದೆಗೆಟ್ಟಿದ್ದ. ಅದು ಬರೀ ಹುಳಕಡ್ಡಿ; ಒದ್ದೆ ಬಟ್ಟೆ, ರೂಮ್‌ಮೇಟ್‌ನ ಟವೆಲ್ಲು. ಕೇಳಿ ತಂದ ಸ್ಟಿರಾಯ್ಡ್ ಬೆರೆತ ಮುಲಾಮು ಹಚ್ಚಿ ಇನ್ನಷ್ಟು ಹರಡಿಸಿಕೊಂಡಿದ್ದ. (ಇದನ್ನು ಬರೆಯಲು ಒಂದು ಪ್ಲೇಟ್ ಗೋಳಿಬಜೆ ಕೊಡಿಸಿ ಅನುಮತಿ ಪಡೆದಿದ್ದೇನೆ.) ಹುಡುಗಿಯರಲ್ಲಿ ತಿಂಗಳ ಕೆಲವು ದಿನ ವಾಸನೆ, ತುರಿಕೆ ಇಲ್ಲದ ತೆಳು ಬಿಳಿ ಸ್ರಾವ ಸಹಜ. ಇಷ್ಟು ತಿಳಿದಿದ್ದರೆ ಎಷ್ಟು ಅಳು ಉಳಿಯುತ್ತಿತ್ತು.

ನಮ್ಮ ಕರಾವಳಿಯ ಮನೆಗಳಲ್ಲಿ ಈ ರೋಗಗಳ ಸುದ್ದಿ ಬರುವುದು ಗಲ್ಫಿಗೆ ಹೊರಟವರ 'ಮೆಡಿಕಲ್' ಆಗುವಾಗ. ಎಚ್‌ಐವಿ, ಹೆಪಟೈಟಿಸ್, ಸಿಫಿಲಿಸ್ ಪರೀಕ್ಷೆ ವೀಸಾಕ್ಕೆ ಬೇಕು, ಅದಕ್ಕೆ ಯಾರೂ ನಾಚುವುದಿಲ್ಲ. ಮದುವೆಗೆ ಮುಂಚೆ ಅದೇ ಪರೀಕ್ಷೆ ಕೇಳಿ ನೋಡಿ, ಸಂಬಂಧವೇ ಮುರಿಯುತ್ತದೆ. ದುಬೈ ಸರ್ಕಾರಕ್ಕೆ ಕೊಡುವ ಚೀಟಿಯನ್ನು ಹೆಂಡತಿಯಾಗುವವಳಿಗೆ ಕೊಡಲಾಗದೇ?

ಈ ಸೋಂಕುಗಳು 15ರಿಂದ 24 ವಯಸ್ಸಿನವರಲ್ಲಿ ಹೆಚ್ಚು ಎಂದು ಆ ಪುಟವೇ ಹೇಳುತ್ತದೆ, ಅಂದರೆ ನಮ್ಮ ವಯಸ್ಸಿನಲ್ಲಿ. ಹೆಪಟೈಟಿಸ್-ಬಿ, ಹರ್ಪಿಸ್, ಎಚ್‌ಐವಿ ಬಿಟ್ಟರೆ ಉಳಿದವು ಬೇಗ ಪತ್ತೆಯಾದರೆ ಗುಣವಾಗುತ್ತವೆ ಎಂದೂ ಹೇಳುತ್ತದೆ. ಎಚ್‌ಐವಿಗೂ ಈಗ ಸರ್ಕಾರಿ ಎಆರ್‌ಟಿ ಕೇಂದ್ರಗಳಲ್ಲಿ ಉಚಿತ ಔಷಧಿ ಇದೆ. ಹದಿಹರೆಯದವರಿಗೆಂದೇ ಸರ್ಕಾರಿ ಆಸ್ಪತ್ರೆಗಳಲ್ಲಿ ಸ್ನೇಹ ಕ್ಲಿನಿಕ್ ಇದೆ, 1097ಕ್ಕೆ ಕರೆ ಮಾಡಿದರೆ ಕಾಸಿಲ್ಲದೆ ಮಾಹಿತಿ ಸಿಗುತ್ತದೆ. ನಮ್ಮ ನೋಟೀಸ್ ಬೋರ್ಡಿನಲ್ಲಿ ಇವೆರಡೂ ಇಲ್ಲ.

ನನ್ನ ಕೋರಿಕೆ ದೊಡ್ಡದಲ್ಲ. ಹುಡುಗಿಯರಿಗೊಂದು, ಹುಡುಗರಿಗೊಂದು ಪ್ರತ್ಯೇಕ ಪೀರಿಯಡ್. ತಾಲೂಕು ಆಸ್ಪತ್ರೆಯಿಂದ ಒಬ್ಬ ಲೇಡಿ ಡಾಕ್ಟರ್, ಒಬ್ಬ ಡಾಕ್ಟರ್. ಲೈಬ್ರರಿಯ ಮೂಲೆಯಲ್ಲಿ ಹೆಸರಿಲ್ಲದ ಚೀಟಿ ಹಾಕಲು ಒಂದು ಪೆಟ್ಟಿಗೆ. ಪೆಟ್ಟಿಗೆ ನಾನೇ ತರುತ್ತೇನೆ, ಅಣ್ಣನ ಶೂ ಡಬ್ಬ ಖಾಲಿ ಬಿದ್ದಿದೆ.