ಶಾಲು ಸಾಕು, ಹಾಜರಿ ಬೇಕು



ಸ್ವಾತಂತ್ರ್ಯ ದಿನ, ಗಣರಾಜ್ಯೋತ್ಸವ, ಡಿಸೆಂಬರ್ 7ರ ಧ್ವಜ ದಿನ, ಜನವರಿ 14ರ ಮಾಜಿ ಸೈನಿಕರ ದಿನ – ವರ್ಷದಲ್ಲಿ ಈ ನಾಲ್ಕು ದಿನ ನಿವೃತ್ತ ಯೋಧರಿಗೆ ಶಾಲು, ಹಾರ, ಹಣ್ಣಿನ ಬುಟ್ಟಿ ಸಲ್ಲುತ್ತವೆ. ಉಳಿದ ದಿನಗಳಲ್ಲಿ ಅವರ ರಕ್ತದೊತ್ತಡವೆಷ್ಟು, ಮೊಣಕಾಲು ಹೇಗಿದೆ, ರಾತ್ರಿ ನಿದ್ರೆ ಬರುತ್ತದೆಯೇ ಎಂದು ವಿಚಾರಿಸುವವರು ಯಾರು? "ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು" ಎಂಬ ಗಾದೆಯನ್ನು ವಿಸ್ತರಿಸಿ ಬರೆಯಿರಿ ಎಂದು ನಿಮಗೆಲ್ಲ ಹೇಳುತ್ತಿದ್ದೆ. ಊರಿಗೆ ಊರೇ ಅದನ್ನು ಬದುಕಿನಲ್ಲಿ ವಿಸ್ತರಿಸುತ್ತಿರುವುದನ್ನು ಈಗ ಕಾಣುತ್ತಿದ್ದೇನೆ.

ನನ್ನ ವಾದ ಇಷ್ಟೇ. ಮಾಜಿ ಸೈನಿಕರ ಸಂಘಗಳ ಮೊದಲ ಕರ್ತವ್ಯ ತಮ್ಮ ಹಿರಿಯ ಸದಸ್ಯರ ಆರೋಗ್ಯವನ್ನು ನೋಡಿಕೊಳ್ಳುವುದು. ಕಟ್ಟಡ, ಸ್ಮಾರಕ, ಸನ್ಮಾನಗಳೆಲ್ಲ ಅದರ ನಂತರದವು. 1971ರ ಯುದ್ಧದ ಕಾಲಕ್ಕೆ ಇಪ್ಪತ್ತರ ಹರೆಯದಲ್ಲಿದ್ದವರಿಗೆ ಈಗ ಎಪ್ಪತ್ತೈದರ ಆಸುಪಾಸು. 1965ರಲ್ಲಿ ಹೋರಾಡಿದವರು ಎಂಬತ್ತರ ಗಡಿಯಲ್ಲಿದ್ದಾರೆ ಅಥವಾ ಅದನ್ನು ದಾಟಿದ್ದಾರೆ. ಇನ್ನು ಯಾವ ಕಾಲಕ್ಕೆಂದು ಕಾಯುವುದು?

"ಸರ್ಕಾರ ಎಲ್ಲವನ್ನೂ ಕೊಟ್ಟಿದೆಯಲ್ಲ" ಎನ್ನುವವರಿದ್ದಾರೆ. ಕೊಟ್ಟಿರುವುದು ನಿಜ. ಪಿಂಚಣಿದಾರ ಮಾಜಿ ಸೈನಿಕರಿಗಾಗಿ 2003ರ ಏಪ್ರಿಲ್ 1ರಂದು ಇ.ಸಿ.ಎಚ್.ಎಸ್. ಆರೋಗ್ಯ ಯೋಜನೆ ಆರಂಭವಾಯಿತು. ದೀರ್ಘ ಹೋರಾಟದ ಬಳಿಕ 2015ರ ನವೆಂಬರಿನಲ್ಲಿ ಸಮಾನ ಹುದ್ದೆಗೆ ಸಮಾನ ಪಿಂಚಣಿಯ ಆದೇಶ ಹೊರಟಿತು. ಎಂಬತ್ತು ತುಂಬಿದವರ ಮೂಲ ಪಿಂಚಣಿಗೆ ಶೇಕಡಾ 20 ಹೆಚ್ಚುವರಿ ಸೇರುತ್ತದೆ. ಆದರೆ ಮೇಗುಂದದ ಕಡೆಯ ತೋಟದ ಮನೆಯೊಂದರಲ್ಲಿ ದಂಪತಿಗಳಿಬ್ಬರೇ ಇರುವ ಸಂಸಾರವನ್ನು ಕಲ್ಪಿಸಿಕೊಳ್ಳಿ. ಆಷಾಢದ ಮಳೆ, ಕಡಿದುಹೋದ ವಿದ್ಯುತ್ತು, ಗುಡ್ಡದಾಚೆ ನಿಂತ ಮೊಬೈಲ್ ಸಂಕೇತ. ಪಾಲಿಕ್ಲಿನಿಕ್ ಇರುವುದು ದೂರದ ನಗರದಲ್ಲಿ; ಅಲ್ಲಿಂದ ಶಿಫಾರಸು ಪಡೆದು ಮತ್ತೊಂದು ಆಸ್ಪತ್ರೆಗೆ ಹೋಗಬೇಕು. ಮಕ್ಕಳು ಬೆಂಗಳೂರಿನಲ್ಲಿ. ಪಿಂಚಣಿಯ ಹಣ ಬ್ಯಾಂಕಿಗೆ ಬರುತ್ತದೆ. ಆಸ್ಪತ್ರೆಯ ಮೆಟ್ಟಿಲು ಹತ್ತುವಾಗ ಕೈಹಿಡಿಯಲು ಅದು ಬರುವುದಿಲ್ಲ.

ಹದಿನೈದು ವರ್ಷಗಳ ಸೇವೆ ತುಂಬುವ ಮೊದಲೇ ಮನೆಗೆ ಬಂದ ಸಾಮಾನ್ಯ ಜವಾನರ ಪಾಡು ಇನ್ನೂ ಕಷ್ಟದ್ದು. ಅವರಲ್ಲಿ ಹೆಚ್ಚಿನವರಿಗೆ ಪಿಂಚಣಿಯೂ ಇಲ್ಲ, ಇ.ಸಿ.ಎಚ್.ಎಸ್. ಬಾಗಿಲೂ ತೆರೆದಿಲ್ಲ. ಹವಾಲ್ದಾರ್ ಹುದ್ದೆಯವರೆಗಿನ, 65 ದಾಟಿದ, ಆದಾಯವಿಲ್ಲದ ಇಂಥವರಿಗೂ ಅವರ ವಿಧವೆಯರಿಗೂ ಕೇಂದ್ರೀಯ ಸೈನಿಕ ಮಂಡಳಿ ಕೊಡುವ ಮಾಸಿಕ ನೆರವನ್ನು 2025ರ ನವೆಂಬರಿನಿಂದ 4,000 ರೂಪಾಯಿಗಳಿಂದ 8,000 ರೂಪಾಯಿಗಳಿಗೆ ಏರಿಸಲಾಗಿದೆ. ಆದರೆ ಅರ್ಜಿ ಹಾಕದವರಿಗೆ ಅದು ದಕ್ಕುವುದಿಲ್ಲ. ಕಣ್ಣು ಮಂಜಾದವರು ಗಣಕಯಂತ್ರದ ಮುಂದೆ ಕುಳಿತು ಅರ್ಜಿ ತುಂಬಬೇಕೆನ್ನುವುದು ಯಾವ ನ್ಯಾಯ?

ಸಂಘದ ಸಭೆಗಳಲ್ಲಿ ಕ್ಯಾಂಟೀನಿನ ಮದ್ಯದ ಕೋಟಾದ ಕುರಿತು ನಡೆಯುವಷ್ಟು ಚರ್ಚೆ ಸದಸ್ಯರ ಸಕ್ಕರೆ ಕಾಯಿಲೆಯ ಕುರಿತು ನಡೆಯುವುದಿಲ್ಲ. ಈ ಮಾತು ಕೆಲವರಿಗೆ ಕಹಿಯಾದೀತು; ಬೇವಿನ ಕಷಾಯವೂ ಕಹಿಯೇ. "ಸೈನಿಕ ಗಟ್ಟಿಗ, ಅವನಿಗೇನು" ಎಂಬ ಹೊಗಳಿಕೆ ಇನ್ನೂ ಅಪಾಯಕಾರಿ. ಫಿರಂಗಿಯ ಸದ್ದಿಗೆ ಕಿವಿ ಮಂದವಾದವನು ಮಾತುಕತೆಯಿಂದ ಹಿಂದೆ ಸರಿಯುತ್ತಾನೆ. ನಾವದನ್ನು ಗಾಂಭೀರ್ಯವೆಂದು ತಿಳಿಯುತ್ತೇವೆ. ನೋವನ್ನು ಹೇಳಿಕೊಳ್ಳಬಾರದೆಂದು ಕಲಿತವನನ್ನು ನಾವೇ ಹೋಗಿ ಕೇಳಬೇಕು.

"ಊರಿನ ಉಳಿದ ಮುದುಕರು ಮನುಷ್ಯರಲ್ಲವೇ" ಎಂಬುದು ಮತ್ತೊಂದು ಆಕ್ಷೇಪ. ಖಂಡಿತ ಹೌದು. ಆದರೆ ಸಂಘದ ಬಳಿ ಹೆಸರಿನ ಪಟ್ಟಿಯಿದೆ, ಶಿಸ್ತಿದೆ, ಕಷ್ಟಕ್ಕೆ ಹೆಗಲು ಕೊಟ್ಟ ಅಭ್ಯಾಸವಿದೆ. ಅಲ್ಲಿ ಹಚ್ಚಿದ ದೀಪದ ಬೆಳಕು ಪಕ್ಕದ ಮನೆಗೂ ಬೀಳುತ್ತದೆ.

ಮಾಡಬೇಕಾದದ್ದು ದೊಡ್ಡದೇನಲ್ಲ. ಸೈನ್ಯದಲ್ಲೂ ಶಾಲೆಯಲ್ಲೂ ದಿನ ಆರಂಭವಾಗುವುದು ಹಾಜರಿಯಿಂದ. ವಾರಕ್ಕೊಮ್ಮೆ ಎಪ್ಪತ್ತು ದಾಟಿದ ಪ್ರತಿಯೊಬ್ಬ ಸದಸ್ಯನ, ಪ್ರತಿಯೊಬ್ಬ ಸೈನಿಕನ ವಿಧವೆಯ ಹಾಜರಿ ಕರೆಯಿರಿ. ಫೋನು ಹೋಗದಲ್ಲಿಗೆ ಕಾಲ್ನಡೆಯಲ್ಲಿ ಹೋಗಿ. ಪ್ರತಿ ಸಭೆಯಲ್ಲೂ ರಕ್ತದೊತ್ತಡ, ಸಕ್ಕರೆ ಪರೀಕ್ಷೆಯಾಗಲಿ. ತಿಂಗಳಿಗೊಮ್ಮೆ ಜಯಪುರ, ಬಸರೀಕಟ್ಟೆ, ಕೊಪ್ಪದ ಕಡೆಯವರೆಲ್ಲ ಸೇರಿ ಒಂದು ವಾಹನ ಗೊತ್ತುಮಾಡಿಕೊಂಡು ಪಾಲಿಕ್ಲಿನಿಕ್‌ಗೆ ಹೋಗಿಬರಲಿ. ನವೆಂಬರಿನಲ್ಲಿ ಜೀವಿತ ಪ್ರಮಾಣಪತ್ರ ಸಲ್ಲಿಸಲು ಕಿರಿಯರೊಬ್ಬರು ಮನೆಮನೆಗೆ ಹೋಗಲಿ.

ಜನವರಿ 14ರ ಆಚರಣೆ ಕೊಡಗಿನ ಕಾರ್ಯಪ್ಪನವರು 1953ರಲ್ಲಿ ನಿವೃತ್ತರಾದ ದಿನದ ನೆನಪಿನದು. ಅವರು ನಿವೃತ್ತಿಯನ್ನು ವಿಶ್ರಾಂತಿಯೆಂದು ಭಾವಿಸದೆ 1964ರಲ್ಲಿ ಮಾಜಿ ಸೈನಿಕರ ಲೀಗನ್ನು ಕಟ್ಟಿದರು. ಅವರ ಭಾವಚಿತ್ರಕ್ಕೆ ಹಾರ ಹಾಕುವ ಸಂಘಗಳು ಈ ಭಾಗವನ್ನೂ ಅನುಸರಿಸಲಿ.

ಬೆಂಗಳೂರು, ದುಬೈಗಳಲ್ಲಿರುವ ನನ್ನ ವಿದ್ಯಾರ್ಥಿಗಳಿಗೆ ಒಂದು ಮನೆಪಾಠ. ನಿಮ್ಮ ಮನೆತನದಲ್ಲಿ, ನೆರೆಯಲ್ಲಿ ಸೇನೆಯಿಂದ ಮರಳಿದ ಹಿರಿಯರಿದ್ದರೆ ಈ ಭಾನುವಾರವೇ ಅವರಿಗೆ ಕರೆ ಮಾಡಿ. ಯುದ್ಧದ ಕಥೆಯನ್ನು ಆಮೇಲೆ ಕೇಳಿ. ಮೊದಲು ಮಾತ್ರೆ ತೆಗೆದುಕೊಂಡಿರಾ ಎಂದು ಕೇಳಿ.